ತಾತನ ಪಥ್ಯ, ಮೊಮ್ಮಗಳ ಗಂಜಿ

ಅತ್ತೆಯವರಿಗೆ ನಮಸ್ಕಾರ.

ಮಾವನವರ ಹೃದಯದ ರಿಪೋರ್ಟಿಗೆ ಹೆದರಿ ನಾನು ಮನೆಮಂದಿಗೆಲ್ಲ ಜಿಡ್ಡು ನಿಲ್ಲಿಸಿದೆ. ಪಾಪುವಿನ ಗಂಜಿಗೆ ನೀವು ಕದ್ದು ಬೆಣ್ಣೆ ಹಾಕಿದಿರೆಂದು ಕೂಗಾಡಿದೆ. ನೀವು ಮಗಳ ಮನೆಗೆ ಹೊರಟುಬಿಟ್ಟಿರಿ. ಆಮೇಲೆ ಎರಡು ತಿಂಗಳು ಪಾಪುವಿನ ತೂಕ ಏರಲೇ ಇಲ್ಲ. ಅದನ್ನು ನಿಮಗೆ ಹೇಳಿರಲಿಲ್ಲ. ನನಗೆ ನಿದ್ದೆಯೂ ಇರಲಿಲ್ಲ.

ನಿನ್ನೆ ಮಕ್ಕಳ ಡಾಕ್ಟರು, "ಅಲ್ಲಮ್ಮಾ, ತಾತನ ಪಥ್ಯ ಮೊಮ್ಮಗಳಿಗ್ಯಾಕೆ? ಕೂಸಿನ ಮಿದುಳು ಬೆಳೆಯೋಕೆ ಕೊಬ್ಬು ಬೇಕೇ ಬೇಕು. ತಾತನಿಗೂ ಬಾದಾಮಿ, ಕಡಲೆಬೀಜ ಒಳ್ಳೇದೇ. ಬಿಡಬೇಕಾದ್ದು ಬೇಕರಿ ಬಿಸ್ಕತ್ತು, ಕರಿದದ್ದು," ಎಂದರು. ಮಾವ ಆಗಲೇ ಬಿಸ್ಕತ್ತಿನ ಡಬ್ಬಿ ಬಚ್ಚಿಟ್ಟಿದ್ದಾರೆ.

ಇಂದು ಗಂಜಿಗೆ ಬೆಣ್ಣೆ ಹಾಕಿದೆ. ಪಾಪು ಬಟ್ಟಲನ್ನೂ ನೆಕ್ಕಿದಳು. ಮಂಗಳವಾರ ಮತ್ತೆ ತೂಕ ನೋಡುತ್ತಾರೆ. ಅಷ್ಟರೊಳಗೆ ಬನ್ನಿ. ಅವಳನ್ನು ತಕ್ಕಡಿಯ ಮೇಲೆ ನೀವೇ ಕೂರಿಸಬೇಕು.

ನಿಮ್ಮ ಸೊಸೆ