ಮೂಸೆಯ ಮುಚ್ಚಳ

೬ ಆಗಸ್ಟ್ ೧೯೫೧, ಬೆಳಿಗ್ಗೆ

ದಡದ ಉಪ್ಪಿನ ರಾಶಿಗಳಿಂದ ಮೂರು ಸ್ಯಾಂಪಲ್. ಐದೈದು ಗ್ರಾಂ. ಮೂಸೆಗೆ ಹಾಕಿ ಕಾಯಿಸಿ, ತಣಿಸಿ, ತೂಗಿದೆ. ಕಡಿಮೆಯಾದದ್ದು ಉಪ್ಪಿನೊಳಗಿದ್ದ ನೀರು. ನೂರಕ್ಕೆ ಹತ್ತು ದಾಟಿದರೆ ಆ ರಾಶಿಯನ್ನು ಹಡಗಿಗೆ ಏರಿಸುವಂತಿಲ್ಲ. ಈ ಲ್ಯಾಬಿನ ಹದಿನಾರು ವರ್ಷದಲ್ಲಿ ನನ್ನ ಅಂಕಿಯನ್ನು ಯಾರೂ ತಿದ್ದಿಲ್ಲ.

ಕುಲುಮೆಯ ಕೆಲಸ ಸೊಸೆ ಆಯ್‌ಬೋಲೆಕ್‌ಳದು. ತಲೆವಸ್ತ್ರದ ತುದಿ ಹಲ್ಲಲ್ಲಿ ಕಚ್ಚಿಕೊಂಡೇ ಕೆಲಸ. ಮನೆಗೆ ಬಂದು ಮೂರು ವರ್ಷ. ನನ್ನೆದುರು ಒಂದು ಮಾತಾಡಿಲ್ಲ. ಅತ್ತೆಯೆದುರು ಸೊಸೆ ಬಾಯಿ ತೆರೆಯಬಾರದು, ನಮ್ಮಲ್ಲಿ ಅದೇ ಪದ್ಧತಿ. ನಾನು ನನ್ನ ಅತ್ತೆಯೆದುರು ಹನ್ನೊಂದು ವರ್ಷ ಕಚ್ಚಿದವಳು.

೯ ಆಗಸ್ಟ್

ಕೊಲ್ಲಿಯಲ್ಲಿ ಹಡಗು ಕಾಯುತ್ತಿತ್ತು. ಮುಖ್ಯಸ್ಥ ಕುದ್ರಿನ್ ಬಾಗಿಲಲ್ಲೇ ನಿಂತ. "ಏನಮ್ಮಾ, ಉಪ್ಪು ಕಾಯಿಸ್ತಿದೀರೋ, ಮದುವೆ ಅಡುಗೆ ಮಾಡ್ತಿದೀರೋ?"

ಉರಿ ಜೋರು ಮಾಡಿದೆ. ಏಳನೇ ರಾಶಿ. ಉಳಿದದ್ದು ೪.೧೦. ನೂರಕ್ಕೆ ಹದಿನೆಂಟು ನೀರು!

ಅದು ಮೆರೆತ್‌ನ ತಂಡದ ರಾಶಿ. ಸೊಸೆಯ ಅಣ್ಣ. ಅವಳು ನನ್ನ ತೋಳು ಹಿಡಿದು ಮೂಸೆಯ ಕಡೆ ತೋರಿಸಿದಳು.

"ಅಣ್ಣನ ವಕೀಲಿಕೆಗೆ ಬಂದ್ಯಾ? ಕೈ ತೆಗಿ."

ಸಹಿ ಮಾಡಿದೆ.

೧೧ ಆಗಸ್ಟ್

ಮೆರೆತ್‌ನನ್ನು ನಗರದ ಪೊಲೀಸರು ಹಿಡಿದುಕೊಂಡು ಹೋದರು. ಒಣ ಉಪ್ಪಿಗೆ ನೀರು ಹೊಯ್ದು ತೂಕ ಹೆಚ್ಚಿಸಿದನಂತೆ. ಬೇಕೆಂದೇ ದೇಶದ ಕೆಲಸ ಕೆಡಿಸಿದನಂತೆ.

ಬಾಕುವಿನಿಂದ ಕುಡಿಯುವ ನೀರಿನ ಹಡಗು ಬಂದು ಆರು ದಿನ. ಮನೆಗೆ ಅರ್ಧ ಬಕೆಟ್. ಲಾರಿ ಹತ್ತುವಾಗ ಅವನು ಲ್ಯಾಬಿನ ಕಿಟಕಿಯತ್ತ ಕೂಗಿದ: "ಅತ್ತೇ, ಕುಡಿಯೋಕೇ ನೀರಿಲ್ಲ, ಉಪ್ಪಿಗೆಲ್ಲಿಂದ ಹೊಯ್ಲಿ?"

ಯಾರೋ ನಕ್ಕರು.

೧೯ ಆಗಸ್ಟ್

ಇಷ್ಟು ದಿನ ಬರೆಯಲಿಲ್ಲ.

ಇವತ್ತು ಸೊಸೆ ತಲೆವಸ್ತ್ರದ ತುದಿಯನ್ನು ಬಾಯಿಂದ ತೆಗೆದಳು. ಒಂದು ಮುಚ್ಚಳ ನನ್ನ ಮುಂದಿಟ್ಟಳು. ಅವತ್ತಿನ ಮೂಸೆಯದು. ತೊಳೆಯದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಾಳೆ. ಒಳಗೆಲ್ಲ ಬಿಳಿ ಹಕ್ಕಳೆ.

"ಉರಿ ಜೋರಾಯ್ತು ಅತ್ತೆ. ಉಪ್ಪು ಸಿಡೀತು. ಸಿಡಿದು ಹೋಗಿದ್ದನ್ನೂ ನೀವು ನೀರು ಅಂತ ಬರೆದ್ರಿ."

ದನಿ ದಪ್ಪ. ಇವಳ ದನಿ ಹೀಗಿದೆಯೆಂದು ನನಗೆ ಗೊತ್ತಿರಲಿಲ್ಲ.

"ಅವತ್ತೇ ಬೊಗಳೋಕೆ ಏನಾಗಿತ್ತು?"

"ಬಾಯಿ ನಂದಾಗಿತ್ತಾ ಅತ್ತೆ?"

ಕೈ ಎತ್ತಿದೆ. ಇಳಿಸಿದೆ.

ಏಳನೇ ರಾಶಿ ಇನ್ನೂ ದಡದಲ್ಲೇ ಇದೆ. ಅದರದೇ ಐದು ಗ್ರಾಂ. ಸಣ್ಣ ಉರಿ. ೪.೬೩. ಮತ್ತೆ ಕಾಯಿಸಿದೆ — ೪.೬೦. ಮತ್ತೆ — ೪.೬೦. ಎರಡು ತೂಕ ಒಂದೇ ಬಂದಾಗಲೇ ನೀರೆಲ್ಲ ಹೋಯಿತೆಂದು ಅರ್ಥ. ಬಂದ ಹುಡುಗಿಯರಿಗೆಲ್ಲ ನಾನೇ ಬೈದು ಕಲಿಸಿದ್ದು. ಅವತ್ತು ಮಾತ್ರ ಒಂದೇ ಸಲ ತೂಗಿದ್ದೆ.

ನೂರಕ್ಕೆ ಎಂಟು. ಮೆರೆತ್‌ನ ಉಪ್ಪು ಸರಿಯಾಗಿಯೇ ಇತ್ತು.

೨೦ ಆಗಸ್ಟ್

ಹೊಸ ತೂಕ ಬರೆದು, ಹಳೆಯದು ತಪ್ಪೆಂದು ಕಾಗದ ಕೊಟ್ಟೆ. ಕುದ್ರಿನ್ ಓದಿ ಅದನ್ನು ನನ್ನತ್ತಲೇ ತಳ್ಳಿದ. "ಅವನ ತಪ್ಪಲ್ಲ ಅಂದ್ರೆ ಮತ್ಯಾರದು ಅಂತ ಕೇಳ್ತಾರೆ ಅಮ್ಮಾ. ಮನೆಗೆ ಹೋಗಿ ಚಹಾ ಕುಡೀರಿ."

"ಸಹಿ ನಂದು," ಎಂದೆ.

ಕಾಗದವನ್ನು ನಾನೇ ನಗರದ ಪೊಲೀಸರಿಗೆ ಕಳಿಸಿದೆ. ಮುಚ್ಚಳವನ್ನೂ.

೨ ಸೆಪ್ಟೆಂಬರ್, ಮಧ್ಯಾಹ್ನ

ಮೆರೆತ್‌ನನ್ನು ಬಿಡಲಿಲ್ಲ. ಉತ್ತರದ ಬದಲು ನನ್ನನ್ನೊಯ್ಯಲು ಲಾರಿ ಬಂದಿದೆ. ಇಬ್ಬರು ಹೊರಗೆ ಸಿಗರೇಟು ಸೇದುತ್ತಿದ್ದಾರೆ. ಅದು ಮುಗಿಯುವಷ್ಟು ಹೊತ್ತು ಕೊಟ್ಟಿದ್ದಾರೆ.

ಸೊಸೆ ನನ್ನ ಗಂಟು ಕಟ್ಟಿದಳು. ಎರಡು ರೊಟ್ಟಿ, ಉಣ್ಣೆಯ ಕಾಲುಚೀಲ. ಕಟ್ಟಿ, ತಲೆವಸ್ತ್ರದ ತುದಿಯನ್ನು ಮತ್ತೆ ಬಾಯಿಗಿಟ್ಟುಕೊಂಡಳು. ನಾನೇ ಎಳೆದು ತೆಗೆದೆ. ಇನ್ನು ಈ ಲ್ಯಾಬಿಗೆ ಅವಳೇ.

ಮೂಸೆಯಲ್ಲಿ ಒಂಬತ್ತನೇ ರಾಶಿ ಇದೆ. ಒಂದು ಸಲ ತೂಗಿಯಾಯಿತು, ೪.೭೧. ಇನ್ನೊಮ್ಮೆ ಕಾಯಿಸಿ ತೂಗದೆ ಸಹಿ ಹಾಕಬೇಡ, ಯಾರು ಬಾಗಿಲಲ್ಲಿ ನಿಂತು ಅವಸರ ಮಾಡಿದರೂ — ಇದನ್ನು ಅವಳಿಗೆ ಹೇಳಿಯೇ ಲಾರಿ ಹತ್ತ—