ಬೆಡ್ ಸಿಗುವಷ್ಟು ತೂಕ

ಕಾಲೇಜ್ ಹಾಸ್ಟೆಲ್,
ಭಾನುವಾರ, ೧೪ನೇ ತಾರೀಖು

ಪ್ರೀತಿಯ ಅಪ್ಪಾ,

ಮೊದಲು ಸಾರಿ ಕೇಳ್ತೀನಿ. ಫೋನಲ್ಲಿ ಸಿಗೋ ಮಗ ಕಾಗದ ಬರೆದಿದ್ದಾನೆ ಅಂದ್ರೆ ಫೇಲಾಗಿರಬೇಕು ಅಂದ್ಕೊಂಡಿರ್ತೀರಿ. ಫೇಲಾಗಿಲ್ಲ, ಪರೀಕ್ಷೆಯೇ ಇನ್ನೂ ಆಗಿಲ್ಲ. ನಿಮ್ಮ ಕಣ್ಣುರಿ ಹೇಗಿದೆ? ವೆಲ್ಡಿಂಗ್ ಮಾಡೋವಾಗ ಆ ಗೀಚು ಬಿದ್ದ ಹಳೇ ಗಾಜು ಬಿಟ್ಟು ಹೊಸದು ಹಾಕ್ಕೊಳ್ತಿದ್ದೀರಾ? ಸೈಟಿನ ಶೆಡ್ಡಲ್ಲಿ ಚಳಿ ಜಾಸ್ತಿ ಅಂತ ಅಮ್ಮ ಹೇಳಿದಳು. ನನ್ನ ಕನ್ನಡ ಅರ್ಧ ಇಂಗ್ಲಿಷು. ಎಂಟು ವರ್ಷಕ್ಕೇ ಹಾಸ್ಟೆಲಿಗೆ ಹಾಕಿದವರು ನೀವೇ, ಸಹಿಸ್ಕೊಳ್ಳಿ.

ಇದನ್ನ ಫೋನಲ್ಲಿ ಹೇಳೋಕೆ ಆಗಲ್ಲ ಅಪ್ಪಾ. ನಿಮಗೆ ಸಿಗ್ನಲ್ ಸಿಗೋದು ಸೂಪರ್‌ವೈಸರ್ ಟೇಬಲ್ ಪಕ್ಕ ಮಾತ್ರ. ಎತ್ತಿದ ಕೂಡಲೇ "ಊಟ ಆಯ್ತಾ?" ಅಂತೀರಿ, ನಾನು "ಆಯ್ತು" ಅಂತ ಇಟ್ಟುಬಿಡ್ತೀನಿ. ವಿಷಯ ತಂಗಿ ಪುಟ್ಟಿದು. ಅವಳಿಗಿರೋದು ಗ್ಯಾಸ್ಟ್ರಿಕ್ ಅಲ್ಲ. ನಿಮಗೂ ಪಕ್ಕದ ಮನೆಯವರಿಗೂ ಅಮ್ಮ ಹೇಳ್ತಿರೋದು ಒಂದೇ ಸುಳ್ಳು. ಹೆದರಿ ಹೇಳ್ತಿದ್ದಾಳೆ ಪಾಪ, ಬೈಬೇಡಿ. ಪುಟ್ಟಿ ಸರಿಯಾಗಿ ಊಟ ಮಾಡಿ ವರ್ಷವಾಗ್ತಾ ಬಂತು. ತಟ್ಟೆ ಮುಂದೆ ಕೂತು ಒಂದು ತುತ್ತನ್ನ ಹತ್ತು ಮಾಡಿ, ಅದನ್ನೂ ಅಂಚಿಗೆ ಸರಿಸಿ ಎದ್ದುಬಿಡ್ತಾಳೆ. ಸುಡುಬಿಸಿಲಲ್ಲೂ ಸ್ವೆಟರ್ ಬಿಚ್ಚಲ್ಲ. ಹೋದ ತಿಂಗಳು ಅವಳ ಮಣಿಕಟ್ಟು ಹಿಡಿದೋನು ಹೆದರಿ ಬಿಟ್ಟುಬಿಟ್ಟೆ. ಹಟ ಅಲ್ಲ, ಫ್ಯಾಷನ್ನೂ ಅಲ್ಲ, ಜೀವ ತೆಗೆಯೋ ಕಾಯಿಲೆ ಇದು. ನೀವಿನ್ನೂ ಅವಳನ್ನ ಮುದ್ದಿಗೆ ಡುಮ್ಮೀ ಅಂತೀರಲ್ಲ, ದಯವಿಟ್ಟು ಬೇಡ.

ಅಮ್ಮ ಪುಟ್ಟಿನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದಾಗ ನಾನೂ ಹೋಗಿದ್ದೆ. ಡಾಕ್ಟರು ಒಳ್ಳೆಯವರೇ. ಇಂಥ ಮಕ್ಕಳಿಗೆ ಅಂತ ಇರೋದು ನಾಲ್ಕೇ ಬೆಡ್ಡಂತೆ, ಅದಕ್ಕೇ ತೂಕ ಇಷ್ಟಕ್ಕಿಂತ ಇಳಿದಿದ್ದರೆ ಮಾತ್ರ ಸೇರಿಸ್ಕೋಬೇಕು ಅಂತ ನಿಯಮ. ಪುಟ್ಟಿ ಎದುರೇ ಹೇಳಿಬಿಟ್ಟರು: "ಇನ್ನೆರಡು ಕೆಜಿ ಕಮ್ಮಿ ಇದ್ದಿದ್ದರೆ ಸೇರಿಸ್ಕೊಳ್ತಿದ್ದೆ, ನನ್ನ ಕೈ ಕಟ್ಟಿದೆ." ಬಸ್ಸಲ್ಲಿ ಅಮ್ಮ, "ಸದ್ಯ, ಅಷ್ಟೇನೂ ಸೀರಿಯಸ್ ಅಲ್ಲವಂತೆ" ಅಂದಳು. ನಾನೂ ಹೂಂ ಅಂದೆ. ಪುಟ್ಟಿ ಕಿಟಕಿ ಕಡೆ ತಿರುಗಿ ಕೂತಿದ್ದಳು.

ಅದಕ್ಕೇ ಒಂದು ಅಧಿಕಪ್ರಸಂಗ ಮಾಡಿದೀನಿ. ಮುಂದಿನ ವರ್ಷ ಯಾವ ಕಾಯಿಲೆಗೆ ಎಷ್ಟು ಹಣ ಅಂತ ತೀರ್ಮಾನಿಸೋ ಸರ್ಕಾರದ ಸಮಿತಿ ಜನರ ಅಹವಾಲು ಕೇಳುತ್ತಂತೆ, ಮಾತಾಡ್ತೀನಿ ಅಂತ ಹೆಸರು ಕೊಟ್ಟೆ. ಈ ಕಾಯಿಲೆ ಎಷ್ಟು ಮಕ್ಕಳಿಗಿದೆ ಅಂತ ಯಾರೂ ಎಣಿಸಿಲ್ಲ. ಎಣಿಸದೆ ಸಂಶೋಧನೆಗೆ ದುಡ್ಡು ಬರಲ್ಲ, ಬೆಡ್ಡೂ ಹೆಚ್ಚಾಗಲ್ಲ. ಎಣಿಸಿ, ವಾರ್ಡು ಕೊಡಿ, ತೂಕದ ನಿಯಮ ತೆಗೀರಿ, ಇಷ್ಟೇ ನನ್ನ ಮಾತು. ಬಾತ್‌ರೂಮ್ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡ್ತಿದ್ರೆ ಹೊರಗೆ ಕಾಯೋರು, "ಮಂತ್ರಿಗಳೇ, ಭಾಷಣ ಸಾಕು, ಬಾಗಿಲು ತೆಗೀರಿ" ಅಂತಾರೆ. ಆದರೆ ಪುಟ್ಟಿಗೆ ಹದಿನೈದು, ಅವಳ ವಿಷಯ ಹೇಳೋಕೆ ಅಪ್ಪನೋ ಅಮ್ಮನೋ ಜೊತೆಗಿರಲೇಬೇಕಂತೆ. ಅಮ್ಮ "ಊರಿಗೆಲ್ಲ ಡಂಗುರ ಹೊಡೀತೀಯಾ?" ಅಂತ ಫೋನ್ ಇಟ್ಟಳು.

ಕಣ್ಣು ಜೋಪಾನ. ಶೆಡ್ಡಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗ

ತಾ.ಕ.: ಇದನ್ನ ಮೇಲೆ ಬರೆಯೋಕೆ ಧೈರ್ಯ ಬರಲಿಲ್ಲ. ನಿನ್ನೆ ಪುಟ್ಟಿ ತಾನಾಗೇ ಫೋನ್ ಮಾಡಿದ್ದಳು. ಎಷ್ಟೋ ದಿನದ ಮೇಲೆ ದನಿ ಗೆಲುವಾಗಿತ್ತು, ನನಗೂ ಖುಷಿಯಾಯ್ತು. "ಅಣ್ಣಾ, ಇನ್ನೊಂದೇ ಕೆಜಿ. ಆಮೇಲೆ ನನ್ನನ್ನ ಸೇರಿಸ್ಕೊಳ್ತಾರೆ" ಅಂದಳು. ಅವಳಿಗೆ ವಾಸಿಯಾಗಬೇಕು ಅಪ್ಪಾ, ಅದಕ್ಕೇ ತೂಕ ಇಳಿಸ್ತಿದ್ದಾಳೆ. ಸಮಿತಿ ಇಪ್ಪತ್ತಾರಕ್ಕೆ. ರಜೆ ಕೇಳಿ, ಮೊದಲು ಮನೆಗೆ ಬನ್ನಿ, ಆಮೇಲೆ ನನ್ನ ಜೊತೆ ಅಲ್ಲಿಗೆ. ಕಾಗದ ಸಿಕ್ಕ ದಿನವೇ ಉತ್ತರ ಕೊಡಿ.