ನಾನು ಕತ್ತರಿಸಿದ ಅರ್ತಿಂಗ್ ವೈರು

ಚಿತ್ರದುರ್ಗ
೧೪ ನವೆಂಬರ್ ೧೯೭೭

ಜುಂಜಣ್ಣ,

ನಿನ್ನ ಹೆಸರು ಬರೆದು ನಾಲ್ಕು ಹಾಳೆ ಹರಿದೆ. ಇದು ಐದನೆಯದು. ಎಸೆಯಬೇಕೆನಿಸಿದರೆ ಎಸೆ, ಆದರೆ ಓದಿದ ಮೇಲೆ.

ಹೊಳಲ್ಕೆರೆಯ ಮದುವೆಯಲ್ಲಿ ನಿನಗೆ ಶಾಕ್ ಹೊಡೆದದ್ದು ನಿನ್ನ ತಪ್ಪಿನಿಂದಲ್ಲ. ನನ್ನಿಂದ.

ನಮ್ಮ ಆರ್ಕೆಸ್ಟ್ರಾಕ್ಕೆ ಬೇಸ್ ಗಿಟಾರ್ ಬಂದಾಗ ಅದನ್ನು ಹಿಡಿಯುವ ಧೈರ್ಯ ಮಾಡಿದವನು ನೀನೊಬ್ಬನೇ. ಮತ್ತೋಡಿನಲ್ಲಿ ಕುರಿ ಕಾಯುತ್ತ ಬೆಳೆದ ನಿನ್ನ ಬೆರಳಿಗೆ ಆ ದಪ್ಪ ತಂತಿಗಳು ಮೂರೇ ತಿಂಗಳಲ್ಲಿ ಒಲಿದವು. ಬೆಂಗಳೂರಿನಿಂದ ನೀನು ತಂದ ಹಳೆಯ ಪೆಡಲನ್ನು ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಗೊಗ್ಗರಾಗಿ ಎದೆಗೆ ಬಡಿಯುತ್ತಿತ್ತು. ಆದರೆ ಅದರ ಒಂಬತ್ತು ವೋಲ್ಟಿನ ಸೆಲ್ಲು ದುರ್ಗದಲ್ಲಿ ಸಿಗುತ್ತಿರಲಿಲ್ಲ. "ನೀನು ರೇಡಿಯೊ ರಿಪೇರಿ ಮಾಡೋನು. ಕರೆಂಟಲ್ಲೇ ಓಡೋ ಹಂಗೆ ಏನಾದ್ರೂ ಮಾಡಲೇ ರುದ್ರ" ಎಂದು ನೀನು ಕೇಳಿದೆ. ಮನೆ ಕರೆಂಟನ್ನು ಒಂಬತ್ತು ವೋಲ್ಟಿಗೆ ಇಳಿಸುವ ಎಲಿಮಿನೇಟರ್ ನಾನು ಮಾಡಿಕೊಟ್ಟೆ. ಪೆಡಲ್ ಓಡಿತು, ಜೊತೆಗೆ ಗುಂಯ್ ಎನ್ನುವ ಸದ್ದೂ ಹತ್ತಿಕೊಂಡಿತು. ದೊಡ್ಡ ಕೆಪಾಸಿಟರ್ ಹಾಕಿದೆ, ಜಾಲರಿ ಹೊದಿಕೆಯ ವೈರು ಹಾಕಿದೆ. ಅರ್ಧ ತಗ್ಗಿತು, ಅರ್ಧ ಉಳಿಯಿತು.

ಹೊಳಲ್ಕೆರೆಯಲ್ಲಿ ಹಾಡು ಶುರುವಾಗುವ ಮೊದಲೇ ಆ ಸದ್ದಿಗೆ ಜನ ನಕ್ಕರು. ಆರ್ಕೆಸ್ಟ್ರಾದ ಯಜಮಾನರಾದ ಮುದ್ದಣ್ಣ ನನ್ನ ಕಿವಿಯಲ್ಲಿ, "ಅದನ್ನ ನಿಲ್ಲಿಸು, ಇಲ್ಲ ನೀನು ಇಳಿದು ಹೋಗು" ಎಂದರು. ನಾನು ಆಂಪ್ಲಿಫೈಯರಿನ ಹಿಂದೆ ಕುಕ್ಕರಿಸಿ ಅದರ ಅರ್ತಿಂಗ್ ವೈರನ್ನು ಕತ್ತರಿಸಿದೆ. ಸದ್ದು ಥಟ್ಟನೆ ನಿಂತಿತು. ನೀನು ನನ್ನತ್ತ ತಿರುಗಿ ನಕ್ಕೆ.

ಆ ಆಂಪ್ಲಿಫೈಯರಿನ ಒಳಗೆ ಕರೆಂಟು ಸೋರುತ್ತಿತ್ತು. ಅರ್ತಿಂಗ್ ಇರುವ ತನಕ ಅದು ನೆಲಕ್ಕೆ ಹೋಗುತ್ತಿತ್ತು. ಕತ್ತರಿಸಿದ ಮೇಲೆ ನಿನ್ನ ತಂತಿಗಳಿಗೆ ಬಂತು. ಎಡಗೈ ತಂತಿಯ ಮೇಲಿಟ್ಟುಕೊಂಡೇ ನೀನು ಬಲಗೈಯಿಂದ ನೆಲಕ್ಕೆ ತಾಗಿದ್ದ ಮೈಕಿನ ಕಬ್ಬಿಣದ ಕಂಬ ಹಿಡಿದೆ. ಗಿಟಾರಿನ ಸಮೇತ ಹಿಂದಕ್ಕೆ ಬಿದ್ದೆ.

"ಕುರಿ ಕಾಯೋನಿಗೆ ವೈರಿನ ಸಹವಾಸ ಯಾಕೆ? ಒದ್ದೆ ಕೈಯಲ್ಲಿ ಮುಟ್ಟವ್ನೆ" ಎಂದು ಮುದ್ದಣ್ಣ ಎಲ್ಲರೆದುರು ಬೈದರು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ. ನಿನ್ನನ್ನು ತೆಗೆದುಹಾಕಿದಾಗಲೂ ಬಿಡಲಿಲ್ಲ.

ಮೊನ್ನೆ ನಿನ್ನ ಅಕ್ಕ ಜಯಕ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. "ಎಡಗೈ ಎರಡು ಬೆರಳು ಮಡಚಾಕೇ ಬರಲ್ಲ. ಮನೇಲಿ ಲೈಟು ಹಾಕಾಕೂ ಹೆದರ್ತಾನೆ. ನಂದೇ ತಪ್ಪು ಐತೆ ಅಂತಾನಪ್ಪ" ಎಂದಳು. ನಾನು ನನ್ನ ಬಸ್ಸು ಬಂತೆಂದು ಸುಳ್ಳು ಹೇಳಿ ಓಡಿದೆ.

ನಿನ್ನೆ ಪ್ರಾಕ್ಟೀಸಿನಲ್ಲಿ ಎಲ್ಲರ ಮುಂದೆ ನಿಜ ಹೇಳಿದೆ. ಹಾಡುವ ಏಕಾಂತಮ್ಮ, "ಆರು ತಿಂಗಳು ಅನ್ನ ಹೆಂಗೆ ಇಳೀತೋ ನಿನಗೆ?" ಎಂದು ಕೇಳಿದಳು. ಮುದ್ದಣ್ಣ ನನ್ನನ್ನು ಹೊರಗೆ ಹಾಕಿದರು. ಎದೆ ಹಗುರಾಗಲಿಲ್ಲ. ಮನೆಗೆ ಬಂದು ನನ್ನ ಬಳಿಯಿದ್ದ ಇನ್ನೊಂದು ಆಂಪ್ಲಿಫೈಯರ್, ಎಲಿಮಿನೇಟರ್ ಎರಡರ ಅರ್ತಿಂಗನ್ನೂ ಒಂದೇ ಕಡೆ ಸೇರಿಸಿ ನೋಡಿದೆ. ಗುಂಯ್ ಸದ್ದು ಇಲ್ಲವೇ ಇಲ್ಲ. ಎರಡೂ ಬೇರೆ ಬೇರೆ ಕಡೆ ನೆಲಕ್ಕೆ ಹೋಗುತ್ತಿದ್ದದ್ದೇ ಆ ಸದ್ದಿಗೆ ಕಾರಣವಾಗಿತ್ತು. ಒಂದು ಮೊಳ ವೈರು ಸಾಕಿತ್ತು, ಜುಂಜಣ್ಣ. ಒಂದು ಮೊಳ.

ದಾವಣಗೆರೆಯಲ್ಲಿ ನರದ ಡಾಕ್ಟರೊಬ್ಬರಿದ್ದಾರಂತೆ. ಭಾನುವಾರ ಮತ್ತೋಡಿಗೆ ಬರುತ್ತೇನೆ, ನಿನ್ನನ್ನು ಕರೆದೊಯ್ಯಲು. ಬಾಗಿಲು ಹಾಕಿಕೊಂಡರೆ ಹೊರಗೆ ಕುಳಿತಿರುತ್ತೇನೆ. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ನಿನ್ನ ಕಾಲಿಗೆ ಬೀಳುತ್ತೇನೆ, ನಿನ್ನ ತಪ್ಪೆಂದು ಮಾತ್ರ ಇನ್ನೊಮ್ಮೆ ಹೇಳಬೇಡ.

ನಿನ್ನ ಬೆರಳಿಗೆ ಜೀವ ಬರಲಿ. ಆಮೇಲೆ ನನ್ನ ಮುಖ ನೋಡದಿದ್ದರೂ ಸರಿ.

ನಿನ್ನ ಕ್ಷಮೆ ಕೇಳಲೂ ಹೆದರುವ
ತಿಪ್ಪೇರುದ್ರಪ್ಪ